ಸಂಜೆಯ ತರಗತಿಯ ವಿದ್ಯಾರ್ಥಿನಿ

ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬೀಳುತ್ತಿದ್ದ ಕಾಲವನ್ನು ಕಂಡವರಿಗೆ ಒಂದು ಸದ್ದಿನ ನೆನಪು ಉಳಿದಿರಬಹುದು. ಚಿತ್ರ ನಡೆಯುತ್ತಿರುವಾಗಲೇ ತೆರೆಯ ಮೇಲಿನ ಬೆಳಕು ಬಣ್ಣಗೆಡುವುದು. ಹಿಂದಿನ ಯಂತ್ರದ ಪೆಟ್ಟಿಗೆಯೊಳಗಿನಿಂದ ಹಾವು ಬುಸುಗುಟ್ಟಿದಂತೆ ಒಂದು ದನಿ ಹೊರಡುವುದು. ನೆಲದ ಮೇಲೆ ಕುಳಿತವರು ಸಿಳ್ಳೆ ಹಾಕುವರು. ಆಪರೇಟರು ಒಳಗೆ ಕೈಯಿಟ್ಟು ಕಾರ್ಬನ್ ಕಡ್ಡಿಗಳ ತಿರುಪನ್ನು ಸರಿಮಾಡಿದೊಡನೆ ಬೆಳಕು ಮತ್ತೆ ನೆಟ್ಟಗಾಗುವುದು. ಆ ದನಿಗೆ ಕಾರಣವೇನೆಂದು ಆಪರೇಟರನ್ನು ಕೇಳಿದವರು ಕಡಮೆ. ಅದೇ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಕುಳಿತು ಉತ್ತರವನ್ನು ಕಂಡುಕೊಂಡವಳು ಲಂಡನ್ನಿನ ಒಬ್ಬ ಗೃಹಿಣಿ. ಹೆಸರು ಹರ್ತಾ ಏರ್ಟನ್.

ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ಈ ಹೆಸರು ಬರುತ್ತದೆ. ವಿದ್ಯುತ್ತಿನ ಚರಿತ್ರೆಯಲ್ಲಿಯೂ ಬರುತ್ತದೆ. ಈ ಎರಡು ಚರಿತ್ರೆಗಳೂ ಆಕೆಯ ಬಾಳಿನಲ್ಲಿ ಸಂಧಿಸಿದ್ದು ಕಸಬುದಾರರಿಗಾಗಿ ನಡೆಯುತ್ತಿದ್ದ ತಾಂತ್ರಿಕ ಕಾಲೇಜೊಂದರ ಸಂಜೆಯ ತರಗತಿಯಲ್ಲಿ. ಆಕೆಯ ಬಗ್ಗೆ ಬರೆಯುವವರು ಬಹುಮಟ್ಟಿಗೆ ಆ ತರಗತಿಯನ್ನು ಒಂದು ವಾಕ್ಯದಲ್ಲಿ ದಾಟಿ, ಅಲ್ಲಿ ಪಾಠ ಹೇಳುತ್ತಿದ್ದವನನ್ನು ಆಕೆ ಮದುವೆಯಾದ ಸಂಗತಿಗೆ ಹೋಗಿಬಿಡುತ್ತಾರೆ. ನಾವು ಅಲ್ಲಿ ತುಸು ಹೊತ್ತು ನಿಲ್ಲೋಣ.

ಆಕೆ ಹುಟ್ಟಿದ್ದು ೧೮೫೪ರ ಏಪ್ರಿಲ್ ೨೮ರಂದು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಸೀ ಎಂಬಲ್ಲಿ. ಇಟ್ಟ ಹೆಸರು ಫೀಬಿ ಸಾರಾ ಮಾರ್ಕ್ಸ್. ತಂದೆ ಲೆವಿ ಮಾರ್ಕ್ಸ್, ಪೋಲೆಂಡಿನಿಂದ ಬಂದು ನೆಲೆಸಿದ ಯೆಹೂದ್ಯ. ಗಡಿಯಾರ ಮಾಡುವುದು ಆತನ ವೃತ್ತಿ. ೧೮೬೧ರಲ್ಲಿ ಆತ ತೀರಿಕೊಂಡಾಗ ಏಳು ಮಕ್ಕಳಿದ್ದರು, ಎಂಟನೆಯದು ತಾಯಿಯ ಹೊಟ್ಟೆಯಲ್ಲಿತ್ತು. ಉಳಿದದ್ದು ಬಡತನವೇ. ತಾಯಿ ಆಲಿಸ್ ಹೊಲಿಗೆಯಿಂದ ಸಂಸಾರವನ್ನು ಎಳೆದಳು. ಕಿರಿಯರನ್ನು ಎತ್ತಿ ಆಡಿಸುವ ಕೆಲಸ ಏಳು ವರ್ಷದ ಸಾರಾಳ ಪಾಲಿಗೆ ಬಂದಿತು. ಇಂಥ ಮನೆಯಲ್ಲಿ ಕೈಗೆ ಬಂದ ಹುಡುಗಿಯನ್ನು ಹೊರಗೆ ಕಳುಹಿಸುವುದೆಂದರೆ ಒಂದು ಜೊತೆ ಕೈಗಳನ್ನೇ ಕಳೆದುಕೊಂಡಂತೆ. ಆದರೂ ಲಂಡನ್ನಿನಲ್ಲಿ ಶಾಲೆ ನಡೆಸುತ್ತಿದ್ದ ಸೋದರಿ ಮೇರಿಯನ್ ಹಾರ್ಟಾಗ್, ಮಗುವನ್ನು ತನ್ನ ಮಕ್ಕಳೊಡನೆ ಓದಿಸುವುದಾಗಿ ಕೇಳಿದಾಗ ಆ ತಾಯಿ ಒಪ್ಪಿದಳು. ಲೋಕದಲ್ಲಿ ಹೆಣ್ಣಿನ ಹೋರಾಟ ಗಂಡಿನದಕ್ಕಿಂತ ಕಠಿನವಾದುದರಿಂದ ವಿದ್ಯೆಯೂ ಆಕೆಗೇ ಹೆಚ್ಚು ಬೇಕೆಂಬುದು ಆಕೆಯ ನಂಬಿಕೆಯಾಗಿತ್ತು. ಹುಡುಗಿಗೆ ಆಗ ಒಂಬತ್ತು ವರ್ಷ.

ಹಾರ್ಟಾಗರ ಮನೆ ವಿದ್ಯೆಯ ಮನೆ. ಅಲ್ಲಿನ ನ್ಯೂಮಾ ಎಂಬ ಹುಡುಗ ಮುಂದೆ ೧೮೬೯ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲಿಗನಾಗಿ ಹೆಸರು ಪಡೆದನು. ಈ ಮನೆಯ ಅಣ್ಣಂದಿರಿಂದಲೇ ಸಾರಾಳಿಗೆ ಗಣಿತದ ಹುಚ್ಚು ಹತ್ತಿತು. ಹದಿನಾರು ತುಂಬುತ್ತಲೇ ಆಕೆ ಶ್ರೀಮಂತರ ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಆದಳು; ಸಂಬಳದಲ್ಲಿ ತಾಯಿಗೆ ಹಣ ಕಳುಹಿಸಿದಳು. ಹರ್ತಾ ಎಂಬ ಹೆಸರು ಬಂದದ್ದು ಈ ದಿನಗಳಲ್ಲಿಯೇ, ಆಟಿಲಿ ಬ್ಲೈಂಡ್ ಎಂಬ ಗೆಳತಿ ಇಟ್ಟದ್ದು; ಆಗ ಸ್ವಿನ್‌ಬರ್ನ್ ಕವಿಯ ಪದ್ಯವೊಂದರಿಂದ ಪ್ರಸಿದ್ಧವಾಗಿದ್ದ ಭೂದೇವಿಯ ಹೆಸರು ಅದು. ಹೆಣ್ಣುಮಕ್ಕಳಿಗಾಗಿ ಗರ್ಟನ್ ಕಾಲೇಜನ್ನು ಸ್ಥಾಪಿಸಿದವರಲ್ಲಿ ಒಬ್ಬಳಾದ ಬಾರ್ಬರಾ ಬೋಡಿಶಾನ್ ಈ ಹುಡುಗಿಯನ್ನು ಕಂಡು ಮೆಚ್ಚಿದಳು. ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ ಕೂಡ ಬೆಂಬಲಕ್ಕೆ ನಿಂತಳು. ಎಲಿಯಟ್ಟಳ ಡೇನಿಯಲ್ ಡೆರೊಂಡ ಎಂಬ ಕಾದಂಬರಿಯ ಮೀರಾ ಎಂಬ ಯೆಹೂದ್ಯ ಕನ್ಯೆಯಲ್ಲಿ ಹರ್ತಾಳ ಛಾಯೆಯಿದೆಯೆಂದು ಹಲವರು ಹೇಳುತ್ತಾರೆ. ಅದು ನಿಜವಿದ್ದರೂ ಇಲ್ಲದಿದ್ದರೂ, ೧೮೭೬ರಲ್ಲಿ ಆಕೆ ಗರ್ಟನ್ ಸೇರಲು ಈ ಹಿರಿಯ ಹೆಂಗಸರ ಹಣವೂ ಹಾರೈಕೆಯೂ ಕಾರಣವಾದವು.

ಗರ್ಟನ್ನಿನಲ್ಲಿ ಆಕೆ ಹಾಡುವವರ ಸಂಘವನ್ನು ನಡೆಸಿದಳು, ಬೆಂಕಿ ಆರಿಸುವ ದಳವೊಂದನ್ನು ಕಟ್ಟಿದಳು, ನಾಡಿಯ ಬಡಿತವನ್ನು ಗುರುತಿಸುವ ಉಪಕರಣವೊಂದನ್ನು ಮಾಡಿದಳು. ಪರೀಕ್ಷೆಯಲ್ಲಿ ಮಾತ್ರ ಆಕೆ ಹೊಳೆಯಲಿಲ್ಲ. ೧೮೮೦ರ ಗಣಿತದ ಟ್ರೈಪಾಸ್‌ನಲ್ಲಿ ಸಿಕ್ಕಿದ್ದು ಮೂರನೆಯ ದರ್ಜೆ. ಪದವಿಯಂತೂ ಇಲ್ಲವೇ ಇಲ್ಲ. ಕೇಂಬ್ರಿಜ್ಜಿನವರು ಹೆಂಗಸರಿಗೆ ಸರಿಸಮನಾದ ಪದವಿಯನ್ನು ಕೊಟ್ಟದ್ದು ೧೯೪೮ರಲ್ಲಿ. ಹರ್ತಾ ಮರುವರ್ಷ ಲಂಡನ್ ವಿಶ್ವವಿದ್ಯಾಲಯದ ಪರೀಕ್ಷೆಗೆ ಹೊರಗಿನಿಂದ ಕುಳಿತು ಬಿ.ಎಸ್‌ಸಿ. ಪಡೆದಳು. ಆಮೇಲೆ ಶಾಲೆಯ ಪಾಠ, ಮನೆಪಾಠ. ಒಂದು ಗೆರೆಯನ್ನು ಬೇಕಾದಷ್ಟು ಸಮಭಾಗಗಳಾಗಿ ವಿಂಗಡಿಸಿ ಕೊಡುವ ನಕ್ಷೆಗಾರರ ಉಪಕರಣವೊಂದನ್ನು ಕಲ್ಪಿಸಿ, ೧೮೮೪ರಲ್ಲಿ ಅದಕ್ಕೆ ಪೇಟೆಂಟ್ ಪಡೆದಳು. ಗಡಿಯಾರ ಮಾಡುವವನ ಮಗಳ ಕೈ ಸುಮ್ಮನಿರಲಾರದು ಎಂದೇ ತೋರುತ್ತದೆ. ಆದರೆ ಈ ಕೈಗೆ ಕೇಂಬ್ರಿಜ್ಜು ಕೆಲಸ ಕೊಟ್ಟಿರಲಿಲ್ಲ. ಟ್ರೈಪಾಸ್‌ ಲೆಕ್ಕದ ಪರೀಕ್ಷೆ. ತಂತಿ, ಆಯಸ್ಕಾಂತ, ತಕ್ಕಡಿಗಳಿಗೆ ಅಲ್ಲಿ ಎಡೆಯಿರಲಿಲ್ಲ. ಮೂವತ್ತು ವಯಸ್ಸಿನ ಪದವೀಧರೆ ಆ ವರ್ಷ ಮತ್ತೆ ವಿದ್ಯಾರ್ಥಿನಿಯಾಗಿ ಬೆಂಚಿನ ಮೇಲೆ ಕುಳಿತಳು.

ಎಲೆಕ್ಟ್ರಿಷಿಯನ್ ಎಂಬ ಮಾತಿಗೆ ಇಂದು ನಮ್ಮಲ್ಲಿರುವ ಅರ್ಥ ಗೊತ್ತೇ ಇದೆ: ಗೋಡೆಗೆ ತಂತಿ ಎಳೆಯುವವನು, ಫ್ಯೂಸ್ ಕಟ್ಟುವವನು. ಆ ಕಾಲದಲ್ಲಿ ಅದು ಅಗಲವಾದ ಮಾತು. ಸಮುದ್ರದೊಳಗೆ ತಂತಿ ಹಾಸುವ ಪಂಡಿತನೂ ಎಲೆಕ್ಟ್ರಿಷಿಯನ್ನೇ, ಕರೆಗಂಟೆ ಕೂಡಿಸುವ ಹುಡುಗನೂ ಎಲೆಕ್ಟ್ರಿಷಿಯನ್ನೇ. ಸ್ವಾನ್ ಮತ್ತು ಎಡಿಸನ್ನರ ದೀಪಗಳು ಆಗತಾನೆ ಬಂದಿದ್ದವು. ವಿದ್ಯುದ್ದೀಪಗಳನ್ನು ಕುರಿತ ಕಾಯಿದೆ ೧೮೮೨ರಲ್ಲಿ ಆಯಿತು. ಬೀದಿಬೀದಿಗೆ ತಂತಿ ಹಾಯುವ ದಿನ ಹತ್ತಿರವಾಗಿತ್ತು, ಹಾಯಿಸುವವರನ್ನು ಕಲಿಸುವ ಶಾಲೆಗಳಿರಲಿಲ್ಲ. ಲಂಡನ್ನಿನ ವರ್ತಕರ ಮತ್ತು ಕಸಬುದಾರರ ಹಳೆಯ ಸಂಘಗಳು ೧೮೭೮ರಲ್ಲಿ ಸೇರಿ ಸಿಟಿ ಅಂಡ್ ಗಿಲ್ಡ್ಸ್ ಸಂಸ್ಥೆಯನ್ನು ಸ್ಥಾಪಿಸಿದವು. ಮರುವರ್ಷ ಫಿನ್ಸ್‌ಬರಿಯಲ್ಲಿ, ಕೌಪರ್ ಬೀದಿಯ ಶಾಲೆಯೊಂದರ ಕೋಣೆಗಳನ್ನು ಬಾಡಿಗೆಗೆ ಹಿಡಿದು ತರಗತಿಗಳು ಮೊದಲಾದವು. ೧೮೮೩ರಲ್ಲಿ ಸ್ವಂತ ಕಟ್ಟಡ ಎದ್ದಿತು. ಅದೇ ಫಿನ್ಸ್‌ಬರಿ ಟೆಕ್ನಿಕಲ್ ಕಾಲೇಜು. ಹಗಲಿನಲ್ಲಿ ಚಿಕ್ಕ ವಯಸ್ಸಿನ ವಿದ್ಯಾರ್ಥಿಗಳು. ಸಂಜೆ, ದುಡಿದು ಬಂದವರು.

ರಸಾಯನಕ್ಕೆ ಹೆನ್ರಿ ಆರ್ಮ್‌ಸ್ಟ್ರಾಂಗ್, ಯಂತ್ರಶಾಸ್ತ್ರಕ್ಕೆ ಜಾನ್ ಪೆರ್ರಿ, ವಿದ್ಯುತ್ತಿಗೆ ವಿಲಿಯಂ ಏರ್ಟನ್. ಮೂವರೂ ಹಟವಾದಿಗಳು. ಏರ್ಟನ್ನನಿಗೆ ನಮ್ಮ ದೇಶದ ಪರಿಚಯವಿತ್ತು. ೧೮೬೮ರಲ್ಲಿ ಭಾರತದ ತಂತಿ ಇಲಾಖೆಗೆ ಸೇರಿದ ಆತ, ನೂರಾರು ಮೈಲಿ ಹಾದುಹೋಗುವ ತಂತಿಯಲ್ಲಿ ಎಲ್ಲಿ ದೋಷವಿದೆಯೆಂದು ಠಾಣೆಯಲ್ಲಿ ಕುಳಿತೇ ಅಳತೆಯಿಂದ ಹೇಳುವ ಕ್ರಮವನ್ನು ಬಳಕೆಗೆ ತಂದವನು. ಅಲ್ಲಿಂದ ಮುಂದೆ ಜಪಾನಿಗೆ ಹೋಗಿ ಟೋಕಿಯೋದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಯೋಗಶಾಲೆಯನ್ನು ಕಟ್ಟಿದನು. ಪೆರ್ರಿ ಅವನೊಡನೆ ಸೇರಿದ್ದು ಅಲ್ಲಿ. ವಿದ್ಯುತ್ತನ್ನು ಅಳೆಯುವ ಅಮ್ಮೀಟರು, ವೋಲ್ಟ್‌ಮೀಟರುಗಳನ್ನು ಕೆಲಸಗಾರನ ಕೈಗೆ ಒಗ್ಗುವಂತೆ ಮಾಡಿದವರಲ್ಲಿ ಈ ಇಬ್ಬರು ಮೊದಲಿಗರು.

ಫಿನ್ಸ್‌ಬರಿಯ ಪಾಠದ ರೀತಿ ಹೊಸದು. ಹಲಗೆಯ ಮೇಲೆ ಸೂತ್ರ ಬರೆದು, ಮೇಷ್ಟರು ಮೇಜಿನ ಮೇಲೆ ಒಂದು ಪ್ರಯೋಗ ಮಾಡಿ ತೋರಿಸಿ, ಹುಡುಗರು ದೂರದಿಂದ ನೋಡಿ ತಲೆಯಾಡಿಸುವ ಪದ್ಧತಿ ಅಲ್ಲಿ ಸಲ್ಲುತ್ತಿರಲಿಲ್ಲ. ಉಪಕರಣಗಳನ್ನು ಮೊದಲೇ ಹೂಡಿಟ್ಟಿರುವರು. ವಿದ್ಯಾರ್ಥಿಗಳು ಸಣ್ಣ ಗುಂಪುಗಳಾಗಿ ಅದರ ಮುಂದೆ ನಿಂತು, ತಾವೇ ಅಳೆದು, ಬಂದ ಅಂಕಿಗಳನ್ನು ಬರೆದು, ಚೌಕುಳಿ ಗೆರೆಯ ಕಾಗದದ ಮೇಲೆ ಚುಕ್ಕೆಗಳಾಗಿ ಗುರುತಿಸಬೇಕು. ಚುಕ್ಕೆಗಳನ್ನು ಕೂಡಿಸುವ ಗೆರೆ ನೇರವಾಗಿ ಹೋಯಿತೋ ಬಾಗಿತೋ ನೋಡಬೇಕು. ಒಂದು ಚುಕ್ಕೆ ಸಾಲುಬಿಟ್ಟು ನಿಂತರೆ ಮತ್ತೆ ಅಳೆಯಬೇಕು. ಇಂದು ನಮ್ಮ ಹೈಸ್ಕೂಲಿನ ಹುಡುಗರೂ ಇದನ್ನು ಮಾಡುತ್ತಾರೆ. ಆದುದರಿಂದಲೇ ಅದರ ಹೊಸತನ ನಮಗೆ ಕಾಣುವುದಿಲ್ಲ. ಬೀಜಗಣಿತ ಅರಿಯದ ಕೆಲಸಗಾರನಿಗೂ ನಿಸರ್ಗದ ನಿಯಮವನ್ನು ಕಣ್ಣಿಗೆ ಕಾಣಿಸುವ ಉಪಾಯ ಅದು. ಬೀಜಗಣಿತವನ್ನು ಬೇಕಾದಷ್ಟು ಅರಿತು, ನಿಸರ್ಗವನ್ನು ಕೈಯಿಂದ ಮುಟ್ಟದೆ ಬಂದಿದ್ದ ಹರ್ತಾಳಿಗೆ ಅದು ಇನ್ನೊಂದು ದಿಕ್ಕಿನಿಂದ ಉಪಕಾರವಾಯಿತು. ಕೇಂಬ್ರಿಜ್ಜಿನಲ್ಲಿ ಮೂರನೆಯ ದರ್ಜೆಯವಳಾಗಿದ್ದ ಆಕೆ ಮುಂದೆ ಮಾಡಿದ ಕೆಲಸವನ್ನೆಲ್ಲ ಬಿಡಿಸಿ ನೋಡಿದರೆ, ಒಳಗೆ ಸಿಗುವುದು ಈ ಸಂಜೆಯ ಪಾಠವೇ: ತಾಳ್ಮೆಯಿಂದ ಅಳತೆ, ಚೌಕುಳಿ ಕಾಗದ, ಸಾಲುಬಿಟ್ಟ ಚುಕ್ಕೆಯ ಮೇಲೆ ಅನುಮಾನ.

೧೮೮೫ರ ಮೇ ತಿಂಗಳಲ್ಲಿ ಗುರುಶಿಷ್ಯರ ಮದುವೆಯಾಯಿತು. ಏರ್ಟನ್ ವಿಧುರ. ಮೊದಲ ಹೆಂಡತಿ ಮಟಿಲ್ಡ ಚಾಪ್ಲಿನ್ ವೈದ್ಯವಿದ್ಯೆಯ ಬಾಗಿಲನ್ನು ಹೆಂಗಸರಿಗೆ ತೆರೆಸಲು ಎಡಿನ್‌ಬರೋದಲ್ಲಿ ಹೋರಾಡಿದವರಲ್ಲಿ ಒಬ್ಬಳು, ೧೮೮೩ರಲ್ಲಿ ತೀರಿಕೊಂಡಿದ್ದಳು. ಅವಳ ಮಗಳು ಈಡಿತ್ ಹರ್ತಾಳ ಮಗಳಾದಳು. ೧೮೮೬ರಲ್ಲಿ ಬಾರ್ಬರಾ ಹುಟ್ಟಿದಳು. ಮನೆ, ಮಕ್ಕಳು, ಹೆಸರುವಾಸಿಯಾದ ಗಂಡ, ಬಂದುಹೋಗುವ ಅತಿಥಿಗಳು. ಕಲಿತ ವಿದ್ಯೆ ಅಟ್ಟ ಸೇರಿತು. ಎಷ್ಟು ಮನೆಗಳಲ್ಲಿ ಈ ಕಥೆ ಇಲ್ಲಿಗೇ ಮುಗಿಯುವುದಿಲ್ಲ! ಹರ್ತಾಳ ಕಥೆ ಮುಂದುವರಿದದ್ದಕ್ಕೆ ಒಂದು ಸಾಮಾನ್ಯವಾದ ಕಾರಣವಿದೆ. ೧೮೯೧ರಲ್ಲಿ ತೀರಿಕೊಂಡ ಬೋಡಿಶಾನ್ ತನ್ನ ಮರಣಶಾಸನದಲ್ಲಿ ಈಕೆಗೆ ಹಣ ಬಿಟ್ಟಿದ್ದಳು. ಆ ಹಣದಿಂದ ತಾಯಿಗೆ ಆಸರೆಯಾಯಿತು, ಮನೆಗೆಲಸ ನೋಡಿಕೊಳ್ಳಲು ಒಬ್ಬಳನ್ನು ಇಟ್ಟುಕೊಳ್ಳುವುದು ಸಾಧ್ಯವಾಯಿತು.

ಇನ್ನು ದೀಪದ ವಿಚಾರ. ಎರಡು ಕಾರ್ಬನ್ ಕಡ್ಡಿಗಳ ತುದಿ ಮುಟ್ಟಿಸಿ ವಿದ್ಯುತ್ತನ್ನು ಹರಿಸಿ, ಮೆಲ್ಲನೆ ತುಸು ದೂರ ಸರಿಸಿದರೆ ನಡುವಣ ತೆರಪಿನಲ್ಲಿ ವಿದ್ಯುತ್ತು ಕಮಾನಾಗಿ ಹಾಯುತ್ತದೆ. ಧನ ಕಡ್ಡಿಯ ತುದಿಯಲ್ಲಿ ಒಂದು ಕುಳಿ ಬಿದ್ದು ಬೆಳ್ಳಗೆ ಕಾದು ಉರಿಯುತ್ತದೆ. ಬೆಳಕಿನ ಬಹುಪಾಲು ಬರುವುದು ಆ ಕುಳಿಯಿಂದ. ಇದೇ ಆರ್ಕ್ ದೀಪ, ನಮ್ಮ ಪುಸ್ತಕಗಳ ಚಾಪದೀಪ. ದೊಡ್ಡ ಬೀದಿಗಳಲ್ಲಿ, ದೀಪಸ್ತಂಭಗಳಲ್ಲಿ ಅದರದೇ ಆಳ್ವಿಕೆ. ಆದರೆ ಅದರ ನಡತೆ ಯಾರಿಗೂ ಹಿಡಿಯದು. ಸಾಮಾನ್ಯ ತಂತಿಯಲ್ಲಿ ಪ್ರವಾಹ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ಇಲ್ಲಿ ಪ್ರವಾಹ ಹೆಚ್ಚಿದಂತೆ ವೋಲ್ಟೇಜು ಇಳಿಯುವುದು. ಒಬ್ಬೊಬ್ಬ ಪಂಡಿತ ಅಳೆದಾಗಲೂ ಒಂದೊಂದು ಅಂಕಿ ಬರುವುದು.

ಏರ್ಟನ್ ತನ್ನ ವಿದ್ಯಾರ್ಥಿಗಳೊಡನೆ ಇದನ್ನು ಪರೀಕ್ಷಿಸಿ ದೊಡ್ಡ ಪ್ರಬಂಧವೊಂದನ್ನು ಬರೆದಿದ್ದನು. ೧೮೯೩ರಲ್ಲಿ ಶಿಕಾಗೋ ನಗರದ ವಿದ್ಯುತ್ ಸಮ್ಮೇಳನಕ್ಕೆ ಅದನ್ನು ಕೊಂಡೊಯ್ದನು. ಇದ್ದ ಒಂದೇ ಪ್ರತಿ, ಕೆಲಸದವಳು ಒಲೆ ಹೊತ್ತಿಸಲು ಅದನ್ನು ಬಳಸಿಬಿಟ್ಟದ್ದರಿಂದ, ಮುದ್ರಣ ಕಾಣುವ ಮೊದಲೇ ಬೂದಿಯಾಯಿತೆಂದು ಪ್ರತೀತಿ. ಗಂಡನಿಗೆ ಆ ಕೆಲಸಕ್ಕೆ ಮರಳುವ ಮನಸ್ಸಾಗಲಿಲ್ಲ. ಹೆಂಡತಿ ಕೈಗೆತ್ತಿಕೊಂಡಳು; ಹಳೆಯ ಅಂಕಿಗಳನ್ನು ನೆಚ್ಚದೆ ಮೊದಲಿನಿಂದ ಅಳೆಯಲು ಕುಳಿತಳು. ಅಂಕಿಗಳು ಹೊಂದದಿರಲು ಕಾರಣ ಆತುರವೆಂದು ಆಕೆಗೆ ಕಂಡಿತು. ಪ್ರವಾಹವನ್ನಾಗಲಿ ತೆರಪನ್ನಾಗಲಿ ಬದಲಿಸಿದಾಗ ಕಡ್ಡಿಯ ತುದಿ ಹೊಸ ಸ್ಥಿತಿಗೆ ತಕ್ಕ ಆಕಾರಕ್ಕೆ ಬರಲು ಬಹಳ ಹೊತ್ತು ಉರಿಯಬೇಕು. ಅಷ್ಟು ಹೊತ್ತು ಕಾಯದೆ ಅಳೆದವರು, ಹಿಂದಿನ ಉರಿಯ ಆಕಾರವನ್ನೇ ಅಳೆಯುತ್ತಿದ್ದರು. ಆಕೆ ಕಾದಳು. ಕಾದ ಮೇಲೆ ಗುರುತಿಸಿದ ಚುಕ್ಕೆಗಳು ಸಾಲಾಗಿ ನಿಂತವು. ತೆರಪಿನ ಉದ್ದ, ಪ್ರವಾಹ, ವೋಲ್ಟೇಜು, ಈ ಮೂರನ್ನೂ ಒಂದೇ ಸಮೀಕರಣ ಕಟ್ಟಿಹಾಕಿತು. ಆಕೆ ಬಳಸಿದ ಗಟ್ಟಿ ಕಡ್ಡಿಗಳಿಗೆ ಅದರ ಸ್ಥಿರಾಂಕಗಳು ೩೮.೮೮, ೨.೦೭, ೧೧.೬೬ ಮತ್ತು ೧೦.೫೪. ಈ ನಾಲ್ಕು ಅಂಕಿಗಳ ಹಿಂದೆ ಎಷ್ಟು ರಾತ್ರಿಗಳಿದ್ದವೋ! ಏರ್ಟನ್ ಸಮೀಕರಣವೆಂದು ಅದು ಶಾಸ್ತ್ರಗ್ರಂಥಗಳಲ್ಲಿ ನೆಲೆಸಿದೆ.

ಬುಸುಗುಟ್ಟುವಿಕೆಯ ಗುಟ್ಟು ಬಯಲಾದದ್ದೂ ಹೀಗೆಯೇ. ಪ್ರವಾಹ ಒಂದು ಮಿತಿಯನ್ನು ದಾಟಿದೊಡನೆ ದೀಪ ದನಿ ತೆಗೆಯುವುದು, ವೋಲ್ಟೇಜು ಒಮ್ಮೆಲೆ ಸುಮಾರು ೧೦ ವೋಲ್ಟಿನಷ್ಟು ಕುಸಿಯುವುದು. ಹರ್ತಾ ಕಡ್ಡಿಗಳ ಆಕಾರವನ್ನು ನೋಡಿದಳು. ಸುಮ್ಮನೆ ಉರಿಯುವಾಗ ಕುಳಿ ಕಡ್ಡಿಯ ತುದಿಯೊಳಗೇ ಅಡಗಿರುತ್ತದೆ. ಪ್ರವಾಹ ಹೆಚ್ಚಾದರೆ ಕುಳಿ ಹಿಗ್ಗಿ, ತುದಿಯಲ್ಲಿ ಹಿಡಿಸದೆ ಪಕ್ಕಕ್ಕೆ ಏರುತ್ತದೆ; ಅಲ್ಲಿ ಗಾಳಿಗೆ ಮೈಯೊಡ್ಡುತ್ತದೆ. ಗಾಳಿಯ ಆಮ್ಲಜನಕ ನೇರವಾಗಿ ಕುಳಿಯ ಕಾರ್ಬನ್ನನ್ನು ಸುಡತೊಡಗಿದಾಗ ಆ ದನಿ. ಊಹಿಸಿ ಬಿಡಲಿಲ್ಲ. ದೀಪವನ್ನು ಗಾಳಿಯಿಲ್ಲದಂತೆ ಮುಚ್ಚಿಟ್ಟು ಉರಿಸಿದಳು: ಪ್ರವಾಹ ಎಷ್ಟು ಹೆಚ್ಚಿಸಿದರೂ ಕುಸಿತವಿಲ್ಲ. ಕುಳಿಯ ಮೇಲೆ ಆಮ್ಲಜನಕವನ್ನು ಹಾಯಿಸಿದಳು: ಬುಸುಗುಟ್ಟಿತು. ಬೇರೆ ಅನಿಲ ಹಾಯಿಸಿದಳು: ಇಲ್ಲ. ಆ ಟಾಕೀಸಿನ ಆಪರೇಟರು ತಿರುಪು ತಿರುಗಿಸುತ್ತಿದ್ದುದು, ತನಗೆ ತಿಳಿಯದೆಯೇ, ಆ ಕುಳಿಯನ್ನು ಅದರ ಮನೆಯೊಳಗೆ ಕೂಡಿಸಲು.

೧೮೯೯ರ ಮಾರ್ಚಿಯಲ್ಲಿ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಆಕೆ ಈ ಪ್ರಬಂಧವನ್ನು ತಾನೇ ಓದಿದಳು. ಅಲ್ಲಿ ತನ್ನ ಪ್ರಬಂಧವನ್ನು ತಾನೇ ಓದಿದ ಮೊದಲ ಹೆಂಗಸು ಆಕೆ; ಒಡನೆಯೇ ಸಂಸ್ಥೆಯ ಸದಸ್ಯಳಾಗಿ ಚುನಾಯಿತಳಾದಳು. ಎಂಜಿನಿಯರುಗಳಿಗೆ ಕೆಲಸ ಮುಖ್ಯವಾಗಿತ್ತು. ರಾಯಲ್ ಸೊಸೈಟಿಯ ಪಂಡಿತರ ರೀತಿ ಬೇರೆ. ೧೯೦೧ರಲ್ಲಿ ಆಕೆಯ ಪ್ರಬಂಧವನ್ನು ಅಲ್ಲಿ ಪೆರ್ರಿ ಓದಬೇಕಾಯಿತು. ೧೯೦೨ರಲ್ಲಿ, ದಿ ಎಲೆಕ್ಟ್ರಿಕ್ ಆರ್ಕ್ ಎಂಬ ಆಕೆಯ ಗ್ರಂಥ ಪ್ರಕಟವಾದ ವರ್ಷವೇ, ಪೆರ್ರಿ ಆಕೆಯ ಹೆಸರನ್ನು ಫೆಲೋ ಪದವಿಗೆ ಸೂಚಿಸಿದನು. ಸೊಸೈಟಿ ವಕೀಲರನ್ನು ಕೇಳಿತು. ವಿವಾಹಿತ ಸ್ತ್ರೀಗೆ ಕಾನೂನಿನ ದೃಷ್ಟಿಯಲ್ಲಿ ಆ ಅರ್ಹತೆಯಿಲ್ಲವೆಂದು ಉತ್ತರ ಬಂದಿತು. ಕೆಲಸದ ಯೋಗ್ಯತೆಯ ಮಾತೇ ಏಳಲಿಲ್ಲ. ಆ ಬಾಗಿಲು ಹೆಂಗಸರಿಗೆ ತೆರೆದದ್ದು ೧೯೪೫ರಲ್ಲಿ.

ಗಂಡನ ಆರೋಗ್ಯಕ್ಕಾಗಿ ಸಮುದ್ರತೀರದಲ್ಲಿದ್ದಾಗ ಆಕೆಯ ಕಣ್ಣು ಮರಳಿನ ಮೇಲೆ ಅಲೆಗಳು ಬರೆದ ಗೀರುಗಳ ಮೇಲೆ ಬಿದ್ದಿತು. ಮನೆಗೆ ಬಂದು ಗಾಜಿನ ತೊಟ್ಟಿಗಳಲ್ಲಿ ನೀರು ಮರಳು ತುಂಬಿ ಅಲುಗಿಸಿ ನೋಡತೊಡಗಿದಳು. ನೀರಿನ ಸುಳಿಗಳೇ ಆ ಸಾಲುಗಳನ್ನು ಬೆಳೆಸುತ್ತವೆಂದು ತೋರಿಸಿದಳು. ಪ್ರಯೋಗಶಾಲೆ ಮನೆಯಲ್ಲೇ ಇತ್ತು. ೧೯೦೪ರ ಜೂನಿನಲ್ಲಿ ಇದೇ ವಿಷಯದ ಪ್ರಬಂಧವನ್ನು ರಾಯಲ್ ಸೊಸೈಟಿಯಲ್ಲಿ ಸ್ವತಃ ಓದಿದಳು. ಫೆಲೋ ಮಾಡಲೊಲ್ಲದ ಆ ಸೊಸೈಟಿಯೇ ೧೯೦೬ರಲ್ಲಿ ಹ್ಯೂಸ್ ಪದಕವನ್ನು ಆಕೆಗೆ ಕೊಟ್ಟಿತು. ಪದಕಕ್ಕೆ ಕಾನೂನು ಅಡ್ಡಿಬರಲಿಲ್ಲ.

ಆದರೂ ಒಂದು ಪಿಸುಮಾತು ಆಕೆಯ ಬೆನ್ನು ಬಿಡಲಿಲ್ಲ: ತಲೆ ಗಂಡನದು, ಹೆಸರು ಹೆಂಡತಿಯದು ಎಂದು. ಇದನ್ನು ಬಲ್ಲ ಏರ್ಟನ್, ಆಕೆಯ ಸಂಶೋಧನೆಯಲ್ಲಿ ತನ್ನ ಪಾಲಿದೆಯೆಂಬ ಭಾವನೆ ಹುಟ್ಟದಿರಲೆಂದು ಒಟ್ಟಿಗೆ ಕೆಲಸ ಮಾಡುವುದನ್ನೇ ಬಿಟ್ಟಿದ್ದನು. ಆಡ್ಮಿರಾಲ್ಟಿಗಾಗಿ ನಡೆದ ಶೋಧದೀಪಗಳ ಪರೀಕ್ಷೆಯಲ್ಲಿಯಂತೂ ಲೆಕ್ಕ ತಿರುವುಮುರುವಾಯಿತು. ದುಡಿದವಳು ಬಹುಮಟ್ಟಿಗೆ ಆಕೆ, ಮೊದಲ ವರದಿಗಳ ಮೇಲೆ ಬಂದದ್ದು ಆತನ ಹೆಸರು. ೧೯೦೮ರಲ್ಲಿ ಆತ ತೀರಿಕೊಂಡನು. ಮರುವರ್ಷ, ರೇಡಿಯಂ ಕಂಡುಹಿಡಿದ ಕೀರ್ತಿಯನ್ನು ಮೇರಿ ಕ್ಯೂರಿಯ ಗಂಡನಿಗೆ ಸಲ್ಲಿಸಿದ ಪತ್ರಿಕೆಯವರಿಗೆ ಹರ್ತಾ ಖಾರವಾಗಿಯೇ ಬರೆದಳು. ಯಾರ ಪರವಾಗಿ ಬರೆದಳೋ ಆ ಗೆಳತಿ ೧೯೧೨ರ ಬೇಸಗೆಯಲ್ಲಿ ದೇಹವೂ ಮನಸ್ಸೂ ದಣಿದು, ಹೆಣ್ಣುಮಕ್ಕಳೊಡನೆ ಆಕೆಯ ಆಶ್ರಯದಲ್ಲಿ ಇಂಗ್ಲೆಂಡಿನ ಕಡಲತೀರದಲ್ಲಿ ಕಾಲ ಕಳೆದಳು.

ಮತದಾನದ ಹಕ್ಕಿಗಾಗಿ ನಡೆದ ಹೋರಾಟದಲ್ಲಿ ಆಕೆ ಬೀದಿಗಿಳಿದದ್ದು, ಸೆರೆಮನೆಯ ಉಪವಾಸದಿಂದ ಬಿಡುಗಡೆಯಾಗಿ ಬಂದವರಿಗೆ ತನ್ನ ಮನೆಯಲ್ಲಿ ಶುಶ್ರೂಷೆ ಮಾಡಿದ್ದು, ಮಗಳು ಬಾರ್ಬರಾ ಸೆರೆಗೆ ಹೋದದ್ದು, ಇವಕ್ಕೆ ಬೇರೆಯೇ ಲೇಖನ ಬೇಕು. ಆ ಮಗಳು ೧೯೪೫ರಲ್ಲಿ ಪಾರ್ಲಿಮೆಂಟಿನ ಸದಸ್ಯಳಾದಳು. ೧೯೧೫ರ ಏಪ್ರಿಲಿನಲ್ಲಿ ಈಪ್ರ್ ರಣರಂಗದಲ್ಲಿ ಜರ್ಮನರು ವಿಷಾನಿಲವನ್ನು ಹರಿಯಬಿಟ್ಟಾಗ ಹರ್ತಾಳಿಗೆ ತನ್ನ ಗಾಜಿನ ತೊಟ್ಟಿಯ ಸುಳಿಗಳು ನೆನಪಾದವು. ನೀರಿನಲ್ಲಿ ಆಗುವುದು ಗಾಳಿಯಲ್ಲಿಯೂ ಆಗಬೇಕು. ಮೇಜಿನ ಮೇಲೆ ಪುಟ್ಟ ಕಂದಕದ ಮಾದರಿ ಕಟ್ಟಿ, ಹೊಗೆ ಬಿಟ್ಟು ಪರೀಕ್ಷಿಸಿ, ಉದ್ದ ಹಿಡಿಕೆಗೆ ಮಡಿಸಬಹುದಾದ ಕ್ಯಾನ್‌ವಾಸ್ ಹಲಗೆ ಜೋಡಿಸಿದ ಒಂದು ಬೀಸಣಿಗೆಯನ್ನು ಮಾಡಿದಳು. ನೆಲಕ್ಕೆ ಬಡಿದರೆ ಅದು ಗಾಳಿಯನ್ನು ಸುಳಿಯಾಗಿ ಮುಂದಕ್ಕೆ ನೂಕುವುದು. ಸೈನ್ಯದ ಅಧಿಕಾರಿಗಳು ಬಹುಕಾಲ ನಕ್ಕು ತಳ್ಳಿಹಾಕಿದರು. ಕೊನೆಗೆ ಒಂದು ಲಕ್ಷಕ್ಕೂ ಹೆಚ್ಚು ಬೀಸಣಿಗೆಗಳು ಕಂದಕಗಳಿಗೆ ಹೋದವು. ಅವುಗಳಿಂದ ನಿಜವಾಗಿ ಎಷ್ಟು ಪ್ರಯೋಜನವಾಯಿತೆಂಬುದರಲ್ಲಿ ಅಭಿಪ್ರಾಯಭೇದವಿದೆ. ನೆಲಕ್ಕೆ ಬಡಿಯುವುದಕ್ಕೂ ಒಂದು ಹದವಿತ್ತು. ಅದನ್ನು ಕಲಿಸದೆ ಕೈಗೆ ಕೊಟ್ಟರೆ ಕೆಲಸ ಕೆಡುವುದೆಂದು ಆಕೆ ಕೊನೆಯವರೆಗೂ ಕೊರಗಿದಳು. ಫಿನ್ಸ್‌ಬರಿಯಲ್ಲಿ ಕಲಿತವಳಿಗೆ ಇದು ಸಹಜವಾದ ಕೊರಗು.

೧೯೨೩ರ ಆಗಸ್ಟ್ ೨೬ರಂದು ಸಸೆಕ್ಸ್ ಪ್ರಾಂತದ ನಾರ್ತ್ ಲ್ಯಾನ್ಸಿಂಗ್‌ನಲ್ಲಿ ಆಕೆ ತೀರಿಕೊಂಡಳು. ಹುಳು ಕಚ್ಚಿದ ಗಾಯ ನಂಜೇರಿ ರಕ್ತಕ್ಕೆ ಸೇರಿತ್ತು. ನೇಚರ್ ಪತ್ರಿಕೆಗೆ ಆಕೆಯ ಮೃತ್ಯುಲೇಖನವನ್ನು ಬರೆದವನು ಹೆನ್ರಿ ಆರ್ಮ್‌ಸ್ಟ್ರಾಂಗ್, ಹಿಂದೆ ಫಿನ್ಸ್‌ಬರಿಯಲ್ಲಿ ರಸಾಯನಶಾಸ್ತ್ರ ಕಲಿಸಿದವನೇ. ತನ್ನ ಗೆಳೆಯ ಏರ್ಟನ್ನನಿಗೆ ಮನೆಯಲ್ಲಿ ಉಪಚಾರ ಮಾಡಿಕೊಂಡಿರುವ ಸಾಧಾರಣ ಹೆಂಡತಿ ಸಿಕ್ಕಿದ್ದರೆ ಆತ ಇನ್ನೂ ಹೆಚ್ಚು ಕಾಲ ಬಾಳಿ ಹೆಚ್ಚು ಕೆಲಸ ಮಾಡುತ್ತಿದ್ದನೆಂದು ಆ ಮುದುಕ ಬರೆದನು. ಹರ್ತಾಳ ಸ್ವಂತ ಪ್ರತಿಭೆಯನ್ನು ತಾನು ಅಷ್ಟಾಗಿ ನಂಬಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಏರ್ಟನ್ನನ ಜೊತೆಯಲ್ಲಿ ದುಡಿದಿದ್ದ ಟಾಮಸ್ ಮ್ಯಾದರ್ ಎಂಬಾತ ಅದೇ ಪತ್ರಿಕೆಯಲ್ಲಿ ಆಕೆಯ ಪರವಾಗಿ ಬರೆದನು.

೧೯೨೫ರಲ್ಲಿ ಆಟಿಲಿ, ತಾನು ಹೆಸರಿಟ್ಟ ಗೆಳತಿಯ ನೆನಪಿಗಾಗಿ ಗರ್ಟನ್ನಿನಲ್ಲಿ ಸಂಶೋಧನಾ ವೇತನವೊಂದನ್ನು ಸ್ಥಾಪಿಸಿದಳು. ೧೯೨೬ರಲ್ಲಿ ಎವೆಲಿನ್ ಶಾರ್ಪ್ ಬರೆದ ಆಕೆಯ ಜೀವನಚರಿತ್ರೆ ಪ್ರಕಟವಾಯಿತು. ಫಿನ್ಸ್‌ಬರಿ ಟೆಕ್ನಿಕಲ್ ಕಾಲೇಜನ್ನು ಮುಚ್ಚಿದ್ದೂ ಅದೇ ವರ್ಷ.